ಜರಡಿಗೆ ಬಿದ್ದ ಓಟುಗಳು

ಅಬ್ಬಿಗೆರೆಯಲ್ಲಿ ಚುನಾವಣೆಯ ಹುಚ್ಚು ಹಿಡಿದವರಿಗೆ ಬರವಿಲ್ಲ. ಆದರೆ ನಮ್ಮ ಭಾವ ಶ್ರೀರಾಮಪ್ಪನಿಗೆ ಹಿಡಿದಷ್ಟು ಜೋರಾಗಿ ಅದು ಭೂಮಂಡಲದಲ್ಲಿ ಇನ್ನಾರಿಗೂ ಹಿಡಿದಿಲ್ಲ. ಹಾಲಿನ ಸೊಸೈಟಿಗೆ ನಿಂತ, ಸೋತ. ದೇವಸ್ಥಾನದ ಸಮಿತಿಗೆ ನಿಂತ, ಸೋತ. ನಮ್ಮ ಬೀದಿಯ ಬೋರ್‌ವೆಲ್ ಸಂಘಕ್ಕೆ ಅವನೊಬ್ಬನೇ ಅಭ್ಯರ್ಥಿ, ಅದರಲ್ಲೂ ಸೋತ. ಎದುರಾಳಿಯಿಲ್ಲದೆ ಸೋಲುವುದಕ್ಕೆ ಎಂಥ ಪ್ರತಿಭೆ ಬೇಕೆಂದು ಊರಿನವರು ಇವತ್ತಿಗೂ ಟೀ ಅಂಗಡಿಯಲ್ಲಿ ತಲೆ ಕೆರೆದುಕೊಳ್ಳುತ್ತಾರೆ.

ನಾನು ಅವನ ಹೆಂಡತಿ ಆಶಾರಾಣಿಯ ತಮ್ಮ. ಮೂರನೇ ಮಹಡಿಯಲ್ಲಿ ಬಾಡಿಗೆ ಕೊಡದೆ ಇದ್ದುಕೊಂಡು, ಕೆಳಗಿನ ಮನೆಯಲ್ಲಿ ಹೊತ್ತು ಹೊತ್ತಿಗೆ ಉಣ್ಣುವವನು. ಈ ಮನೆಯ ಜಗಳಗಳನ್ನು ನನ್ನಷ್ಟು ಹತ್ತಿರದಿಂದ, ಬಿಸಿ ಮುದ್ದೆಯ ಸಮೇತ, ಕಂಡವರು ಬೇರೆ ಇಲ್ಲ. ಒಂದು ಸುಳ್ಳು ಹೇಳಿದರೆ ನನ್ನ ನಾಲಗೆ ಯಶವಂತಪುರದ ಮಾರ್ಕೆಟ್ಟಿನಲ್ಲಿ ಹರಾಜಾಗಲಿ.

ಮನೆಯ ಕೆಳಗೆ ರಸ್ತೆಗೆ ಮುಖ ಮಾಡಿದ, ಶಟರ್ ಇರುವ ಒಂದು ಮಳಿಗೆಯಿದೆ. ಭಾವನ ಮಗಳು ಬಿಂದುಶ್ರೀ ಇದ್ದ ಕೆಲಸ ಬಿಟ್ಟು ಬಂದು ಅದರಲ್ಲಿ ಎರಡು ಮೇಜು ಹಾಕಿಕೊಂಡು ಕೂತಿದ್ದಳು. ಇನ್ನೊಂದು ಮೇಜು ಅವಳ ಗೆಳತಿ ಅಮೀನಾಳದು. ಅವಳು ಆರ್.ಟಿ. ನಗರದಿಂದ ದಿನಾ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಇಬ್ಬರೂ ಸೇರಿ ಮಾಡುತ್ತಿದ್ದುದು ‘ಜರಡಿ’ ಎಂಬ ಸಾಫ್ಟ್‌ವೇರು. ಹಿಂದೆ ಮುದ್ರಣಾಲಯದವರು ಕಂಪ್ಯೂಟರಿನಲ್ಲಿ ಒತ್ತಿಟ್ಟ ಕನ್ನಡ ಪುಸ್ತಕ, ಪತ್ರಿಕೆಗಳನ್ನು ಈಗಿನ ಮೊಬೈಲಿನಲ್ಲಿ ತೆರೆದರೆ ಜಿರಳೆ ಮಸಿಯಲ್ಲಿ ಓಡಾಡಿದ ಹಾಗೆ ಕಾಣುತ್ತದೆ. ಜರಡಿಗೆ ಹಾಕಿದರೆ ಅದು ಓದಬಲ್ಲ ಕನ್ನಡವಾಗಿ ಉದುರುತ್ತದೆ. ಇದನ್ನು ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಳ್ಳಬಹುದು, ಒಳಗೇನಿದೆ ಎಂದು ಬಿಚ್ಚಿ ನೋಡಬಹುದು, ಬೇಕಾದ ಹಾಗೆ ತಿದ್ದಿಕೊಳ್ಳಬಹುದು. ಓಪನ್ ಸೋರ್ಸ್ ಎನ್ನುತ್ತಾರೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಭಾವ ಶುರುಮಾಡಿದ.

“ಬೇಕರಿಯೋನು ಅಡ್ವಾನ್ಸ್ ಇಡ್ಕಂಡು ನಿಂತವ್ನೆ. ಮಳಿಗೆ ಖಾಲಿ ಮಾಡ್ಕೊಡು.”

“ಅಪ್ಪ, ಯುಗಾದಿವರೆಗೂ ಟೈಮ್ ಕೊಡು” ಎಂದಳು ಬಿಂದುಶ್ರೀ.

“ಯುಗಾದಿಗೆ ಆಕಾಶದಿಂದ ಏನ್ ಉದುರ್ತದೆ?”

“ನಮ್ಮಂಥ ಪ್ರಾಜೆಕ್ಟ್‌ಗಳಿಗೆ ಒಂದು ಅವಾರ್ಡ್ ಇದೆ. ಗೆದ್ರೆ ಒಂದು ವರ್ಷ ನಂಗೂ ಅಮೀನಾಗೂ ಫಂಡಿಂಗ್ ಕೊಡ್ತಾರೆ. ಸಂಬಳ ಇದ್ದ ಹಾಗೆ. ನಿನ್ನ ಮಳಿಗೆಗೂ ಬಾಡಿಗೆ ಕೊಡ್ತೀನಿ. ಗೆಲ್ಲಲಿಲ್ಲ ಅಂದ್ರೆ ಜರಡಿ ನಿಲ್ಲಿಸಿ ಎಲ್ಲಾದ್ರೂ ಕೆಲಸಕ್ಕೆ ಸೇರ್ತೀನಿ. ಬೇಕರಿ ಹಾಕ್ಕೋ.”

ಗೋಡೆಗೊರಗಿ ಎಲೆ ಅಡಿಕೆ ಮೆಲ್ಲುತ್ತಿದ್ದ ಭಾವನ ತಾಯಿ ಮುನಿಯಲ್ಲಮ್ಮ ಬಾಯಿ ತೆರೆದರು. “ಪುಕ್ಸಟ್ಟೆ ಅಂಚೋದು, ಅದ್ಕೆ ಬೌಮಾನ ಬೇರೆ ಕೇಳೋದು! ನಾನು ಅರವತ್ತು ವರ್ಷ ಈ ಮನೇಲಿ ಪುಕ್ಸಟ್ಟೆ ಸಗಣಿ ಬಾಚಿದೀನಿ. ಯಾವ್ ನನ್ಮಗ ಬಂದು ಶಾಲು ಒದಿಸ್ದ?”

“ನೀನು ಅರ್ಜಿ ಹಾಕ್ಬೇಕಿತ್ತು ಅಜ್ಜಿ.”

“ಅದೆಲ್ಲ ಇರ್ಲಿ. ಗೆದ್ದೋರು ಯಾರು ಅಂತ ಯಾರು ಆರಿಸ್ತಾರೆ?” ಎಂದ ಭಾವ.

“ಕಮ್ಯುನಿಟಿ. ಅಂದ್ರೆ ಅದನ್ನ ಬಳಸೋರು. ಆನ್‌ಲೈನಲ್ಲಿ ಓಟ್ ಹಾಕ್ತಾರೆ.”

ಭಾವನ ಕೈಯಲ್ಲಿದ್ದ ಮುದ್ದೆ ತುತ್ತು ಉಪ್ಸಾರಿಗೆ ಬಿದ್ದು, ಎದುರಿಗೆ ಕೂತಿದ್ದ ನನ್ನ ಅಂಗಿಯ ಮೇಲೆಲ್ಲ ಹಾರಿತು. ನೆರೆತ ಅವನ ಮೀಸೆ ನನ್ನ ಕಣ್ಣೆದುರೇ ಕಪ್ಪಾದದ್ದನ್ನು ನಾನು ನೋಡಿದೆ.

“ಓಟಾ?” ಎಂದ.

“ಅಪ್ಪ, ನೀನೇನೂ ಮಾಡ್ಬೇಡ. ಬಳಸೋರು ಮಾತ್ರ ಹಾಕ್ಬೇಕು. ಹೆಂಗೆ ಬಳಸ್ತೀವಿ ಅಂತ ಎರಡು ಸಾಲು ಬರೀಬೇಕು. ಅದೇ ರೂಲ್ಸು.”

“ನಾನೇನ್ ಮಾಡ್ತೀನಮ್ಮ, ವಯಸ್ಸಾದೋನು” ಎಂದು ಭಾವ ತಟ್ಟೆಯಲ್ಲೇ ಕೈ ತೊಳೆದ.

ಈ ಪ್ರಶಸ್ತಿಯನ್ನು ಕೊಡುತ್ತಿದ್ದುದು ಒಂದು ಪ್ರತಿಷ್ಠಾನ. ಅದರ ವೆಬ್‌ಸೈಟನ್ನು ಬಿಂದು ನನಗೆ ತೋರಿಸಿದ್ದಳು. ಅದರ ತುಂಬ ‘ಸಮುದಾಯ’, ‘ಹಂಚಿಕೆ’, ‘ಒಟ್ಟಾಗಿ’ ಎಂಬ ಮಾತುಗಳೇ. ಫೋಟೋದಲ್ಲಿ ಹಲವು ಜನ ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ ನಗುತ್ತಿದ್ದರು. ಅಷ್ಟು ಜನರಲ್ಲಿ ಒಬ್ಬರಾದರೂ ಬೆಳಿಗ್ಗೆ ಎದ್ದು ಸಂಪ್‌ಗೆ ನೀರು ಬಂತಾ ಎಂದು ಇಣುಕಿದವರಂತೆ ಕಾಣಲಿಲ್ಲ.

ಜರಡಿಯನ್ನು ಬಳಸುವ ಪುಣ್ಯಾತ್ಮರಾದರೂ ಹೇಗಿದ್ದರು! ದೇಶದ ಮೂಲೆಮೂಲೆಯಿಂದ ‘ಗ್ರೇಟ್ ವರ್ಕ್ ಸಿಸ್ಟರ್’ ಎಂದು ಬರೆದು, ಕೈಮುಗಿಯುವ ಚಿತ್ರ ಹಾಕಿ, ಅದರ ಕೆಳಗೇ ‘ನನ್ನ ಫೈಲು ಇವತ್ತೇ ಸರಿಮಾಡಿಕೊಡಿ’ ಎಂದು ಅಪ್ಪಣೆ ಕೊಡುತ್ತಿದ್ದರು. ಎಲ್ಲರಿಗಿಂತ ಮೇಲಿನವರು ಹೆಬ್ಬಾಳದ ಕಡೆ ಗಾಜಿನ ಕಟ್ಟಡದಲ್ಲಿರುವ ಒಂದು ಕಂಪನಿಯವರು. ಆ ಕಟ್ಟಡಕ್ಕೆ ಹಾಕಿರುವ ಗಾಜಿನಲ್ಲಿ ಇಡೀ ಅಬ್ಬಿಗೆರೆಗೆ ತಿರುಗಾ ಕಿಟಕಿ ಕೂರಿಸಬಹುದು. ಹಳೇ ಪತ್ರಿಕೆಗಳನ್ನು ಮೊಬೈಲಿನಲ್ಲಿ ಓದಿಸುವ ಅವರ ಆ್ಯಪಿನ ಹೊಟ್ಟೆಯೊಳಗೆ ಕೂತಿದ್ದುದು ಜರಡಿಯೇ.

“ಮತ್ತೆ ಅವರದೇ ಮೇಲ್ ಮಾವ” ಎಂದು ಅಮೀನಾ ಒಂದು ದಿನ ಚಿತ್ರಾನ್ನದ ಡಬ್ಬಿ ಪಕ್ಕಕ್ಕಿಟ್ಟು ಓದಿದಳು. ಬಿಂದು ಕರೆಯುವ ಹಾಗೆ ಅವಳೂ ನನ್ನನ್ನು ಮಾವ ಎಂದೇ ಕರೆಯುತ್ತಿದ್ದಳು. “‘ಅರ್ಜೆಂಟ್. ಸೋಮವಾರದೊಳಗೆ ಸರಿಪಡಿಸತಕ್ಕದ್ದು.’ ಕೆಳಗೆ ಹದಿನೆಂಟು ಜನರ ಹೆಸರು.”

“ಹದಿನೆಂಟು ಜನಕ್ಕೂ ಸಂಬಳ ಉಂಟಾ?”

“ಉಂಟು ಮಾವ. ನಮ್ಮಿಬ್ಬರಿಗೆ ಮಾತ್ರ ಸಮುದಾಯದ ಪ್ರೀತಿ.”

ಫೆಬ್ರವರಿಯಲ್ಲಿ ಇಬ್ಬರು ಹುಡುಗಿಯರೂ ಗ್ರಂಥಾಲಯದವರಿಗೆ ಜರಡಿ ಹೇಳಿಕೊಡಲು ಶನಿವಾರ, ಭಾನುವಾರ ತುಮಕೂರಿಗೆ ಹೋದರು. ಬಸ್ಸು ಇನ್ನೂ ದಾಬಸ್‌ಪೇಟೆ ದಾಟಿರಲಿಲ್ಲ, ಭಾವ ಬಿಳಿ ಪಂಚೆ ಉಟ್ಟು ಹೊರಬಿದ್ದ.

ಅವನ ಮಟ್ಟಿಗೆ ಓಟು ಎಂದರೆ ಒಂದೇ. ಮತದಾರನನ್ನು ಮನೆಯಿಂದ ಎಬ್ಬಿಸಿ ತರಬೇಕು, ಹೊಟ್ಟೆಗೆ ಹಾಕಬೇಕು, ಓಟು ಒತ್ತಿಸಿ ಕಳಿಸಬೇಕು. ಹಾಲಿನ ಸೊಸೈಟಿಯಲ್ಲಿ ತನ್ನನ್ನು ಸೋಲಿಸಿದ್ದ ಚಿಕ್ಕಬೈರಪ್ಪನ ಮನೆಗೇ ಹೋಗಿ ಕೈ ಹಿಡಿದ. ಜನ ಸೇರಿಸುವುದರಲ್ಲಿ ಚಿಕ್ಕಬೈರಪ್ಪ ಎತ್ತಿದ ಕೈ; ಯಾತಕ್ಕೆ ಸೇರಿಸುತ್ತಿದ್ದೇನೆ ಎಂದು ಅವನು ಜನ್ಮದಲ್ಲಿ ಕೇಳಿದವನಲ್ಲ. ಭಾನುವಾರ ಬೆಳಿಗ್ಗೆ ನಮ್ಮ ಟೆರೇಸಿನ ಮೇಲೆ ಬಿರಿಯಾನಿ ಡೇಗ್ಚಿ ಏರಿತು. ಅದರೊಳಗೆ ಒಂದು ಮಾರುತಿ ಕಾರು ನಿಲ್ಲಿಸಬಹುದಿತ್ತು.

“ಒಂದ್ ಓಟಿಗೆ ಎಷ್ಟ್ ಈರುಳ್ಳಿ ಹೆಚ್ಬೇಕು ಅಂತ ಹೇಳ್ಬಿಡಿ, ಲೆಕ್ಕ ಇಟ್ಕೊಂಡು ಹೆಚ್ತೀನಿ” ಎಂದಳು ಅಕ್ಕ, ಮೂಗು ಸೊರಗುಟ್ಟುತ್ತ.

“ಮಗಳ ಭವಿಷ್ಯ ಕಣೇ!”

“ಮಗಳು ಬೇಡ ಅಂದಿದಾಳೆ.”

“ಅಭ್ಯರ್ಥಿ ಯಾವತ್ತೂ ಬಾಯಲ್ಲಿ ಬೇಡ ಅನ್ಬೇಕು. ಅದು ಮರ್ಯಾದೆ.”

ಬಾಡಿಗೆದಾರರು ಬಂದರು. ಸ್ತ್ರೀಶಕ್ತಿ ಸಂಘದವರು ಬಂದರು. ಮತ್ತಿಕೆರೆಯ ಪಿ.ಜಿ. ಹುಡುಗರು ಒಂದು ಟೆಂಪೋ ತುಂಬ ಬಂದರು. ಕನ್ನಡ ಅಕ್ಷರ ಬಾರದ, ಆದರೆ ಬಿರಿಯಾನಿ ಚೆನ್ನಾಗಿ ಬರುವ ಹುಡುಗರು ಅವರು. ನಮ್ಮ ಮನೆಯ ವೈಫೈ ಪಾಸ್‌ವರ್ಡನ್ನು ಭಾವ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಸಿದ್ದ. ಮೊಬೈಲು ತೋರಿಸಿ, ಓಟು ಬಿದ್ದದ್ದು ಖಾತ್ರಿಯಾದ ಮೇಲೇ ತಟ್ಟೆ. ಸಂಜೆಯ ಹೊತ್ತಿಗೆ ಜಾಲಹಳ್ಳಿಯಿಂದ ಯಲಹಂಕದವರೆಗೆ ಯಾರ ಮನೆಯಲ್ಲೂ ಒಲೆ ಹೊತ್ತಿಸಲಿಲ್ಲ ಎಂದು ಸುದ್ದಿ. ನಾನು ಮೂರು ಸಲ ತಿಂದೆ, ಓಟು ಹಾಕಲಿಲ್ಲ. ನನ್ನ ಓಟು ಅಷ್ಟು ಅಗ್ಗದ್ದಲ್ಲ.

ಬಿಂದು ಸೋಮವಾರ ಬಂದಳು. ಬ್ಯಾಗು ಇಳಿಸುವ ಮೊದಲೇ ಮೊಬೈಲು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

“ಅಪ್ಪ, ಇದೇನು?”

“ಲೀಡು” ಎಂದ ಭಾವ, ದೋಸೆ ಮುರಿಯುತ್ತ. “ಎರಡನೇ ಸ್ಥಾನದೋನು ಕಣ್ಣಿಗೂ ಕಾಣ್ತಿಲ್ಲ.”

“ಕೇಳು. ‘ಜರಡಿ ಹಾಕಿದ ಮೇಲೆ ನಮ್ಮ ಮೋಟಾರು ಚೆನ್ನಾಗಿ ನೀರು ಎತ್ತುತ್ತಿದೆ.’ ಇನ್ನೊಬ್ಬರು, ‘ಶ್ರೀರಾಮಪ್ಪಣ್ಣನವರಿಗೆ ಜಯವಾಗಲಿ.’ ಇದೊಂದು, ‘ಜರಡಿಯಿಂದ ನನ್ನ ಮಂಡಿನೋವು ವಾಸಿಯಾಯಿತು.’ ಇದನ್ನೆಲ್ಲ ಇಡೀ ಪ್ರಪಂಚ ಓದುತ್ತೆ ಅಪ್ಪ!”

“ಎರಡು ಸಾಲು ಬರೀಬೇಕು ಅಂತ ನೀನೇ ಏಳಿದ್ದೆ. ಬರೆಸಿದೀನಿ.”

“ಎಲ್ಲ ಒಂದೇ ಮನೆಯ ಇಂಟರ್ನೆಟ್ಟು, ಒಂದೇ ಮಧ್ಯಾಹ್ನ! ಅವರೇನು ಕುರುಡರಾ?”

“ಯಾವ್ ಎಲೆಕ್ಷನ್‌ನಲ್ಲಿ ಇಂಗಾಗಲ್ಲ, ಏಳು?”

“ಇದು ಎಲೆಕ್ಷನ್ ಅಲ್ಲ!” ಬಿಂದುವಿನ ದನಿಗೆ ಮೇಲಿನ ಮಹಡಿಯ ಬಾಡಿಗೆದಾರರು ಟಿ.ವಿ. ಆರಿಸಿ ಕಿವಿಗೊಟ್ಟರು. “ನನ್ನದು ಅಂತ ಒಂದೇ ಒಂದು ಇತ್ತು. ಅದನ್ನೂ ನಿನ್ನ ಸೊಸೈಟಿ ಎಲೆಕ್ಷನ್ ಮಾಡ್ಬಿಟ್ಟೆ. ಸೋಲೋದು ನಿಂಗೆ ಅಭ್ಯಾಸ. ನನ್ನನ್ನ ಯಾಕೆ ಎಳ್ಕೊಂಡೆ?”

ಭಾವ ದೋಸೆಯನ್ನು ಅರ್ಧಕ್ಕೆ ಬಿಟ್ಟು ಎದ್ದ. ಅವನು ತಟ್ಟೆಯಲ್ಲಿ ದೋಸೆ ಬಿಟ್ಟದ್ದು ಮದುವೆಯಾದ ಮೇಲೆ ಅದೇ ಮೊದಲು ಎಂದು ಅಕ್ಕ ಹೇಳಿದಳು.

ಬಿಂದು ಪ್ರತಿಷ್ಠಾನಕ್ಕೆ ನಡೆದದ್ದನ್ನು ನಡೆದ ಹಾಗೇ ಬರೆದು, ಆ ಭಾನುವಾರದ ಓಟುಗಳನ್ನು ತೆಗೆದುಹಾಕಿ, ನಿಜವಾದ ಬಳಕೆದಾರರ ಓಟು ಉಳಿಸಿ ಎಂದು ಕೇಳಿಕೊಂಡಳು. ವಾರದೊಳಗೆ ಉತ್ತರ ಬಂತು. ಜರಡಿಯನ್ನೇ ಸ್ಪರ್ಧೆಯಿಂದ ಕೈಬಿಡಲಾಗಿದೆಯಂತೆ. ಸಮುದಾಯದ ಪಾವಿತ್ರ್ಯಕ್ಕೆ ಧಕ್ಕೆಯಾಗಿದೆಯಂತೆ. ಕೆಳಗೆ ಒಂದು ಹೃದಯದ ಚಿತ್ರ.

ಮಾರ್ಚ್ ಮೊದಲ ವಾರ ಪ್ರಶಸ್ತಿ ಘೋಷಣೆಯಾಯಿತು. ಗೆದ್ದದ್ದು ಯಾರು? ಹೆಬ್ಬಾಳದ ಗಾಜಿನ ಕಟ್ಟಡದವರ ಆ್ಯಪು! ಅವರೂ ಅದನ್ನು ಸ್ಪರ್ಧೆಗೆಂದೇ ಓಪನ್ ಸೋರ್ಸ್ ಮಾಡಿದ್ದರಂತೆ. ಅಮೀನಾಳ ತಂಗಿಯ ಜೊತೆ ಓದಿದವಳು ಮೋನಿಷಾ. ಈ ಮೋನಿಷಾ ಆ ಕಂಪನಿಯಲ್ಲೇ ಕೆಲಸಕ್ಕಿದ್ದಳು. ಒಳಗಿನ ಸುದ್ದಿ ಅಲ್ಲಿಂದ ಬಂತು.

“ಎಲ್ಲ ಉದ್ಯೋಗಿಗಳಿಗೂ ಸರ್ಕ್ಯುಲರ್ ಹೋಗಿತ್ತಂತೆ” ಎಂದಳು ಅಮೀನಾ. “ಓಟು ಹಾಕಿದ ಸ್ಕ್ರೀನ್‌ಶಾಟ್ ಮ್ಯಾನೇಜರ್‌ಗೆ ತೋರಿಸಿದ್ರೆ ಪಿಜ್ಜಾ.”

“ಪಿಜ್ಜಾ ಆಕಿದ್ರೆ ಸಮುದಾಯ, ಬಿರಿಯಾನಿ ಆಕಿದ್ರೆ ಮೋಸವಾ?” ಎಂದ ಭಾವ ಹೊರಗಿನಿಂದಲೇ. ಜೀವಮಾನದಲ್ಲಿ ಅವನು ಆಡಿದ ಒಂದೇ ಒಂದು ಸರಿಯಾದ ಮಾತನ್ನು ಹೊಗಳಿ ಅವನ ತಲೆ ಕೆಡಿಸುವುದು ಬೇಡ ಎಂದು ನನಗನಿಸಿತು.

ದೋಸೆ ಬಿಟ್ಟ ದಿನದಿಂದ ಬಿಂದು ಅಪ್ಪನೊಡನೆ ಮಾತು ನಿಲ್ಲಿಸಿದ್ದಳು. ಒಂದೇ ಚಾಪೆಯ ಮೇಲೆ ಕೂತು ಉಣ್ಣುವಾಗಲೂ ಎಲ್ಲ ಮಾತೂ ಅಜ್ಜಿಯ ಮೂಲಕವೇ.

“ಅಜ್ಜಿ, ನಿನ್ನ ಮಗನಿಗೆ ಹೇಳು, ಮೋಟಾರ್ ಆನ್ ಇದೆ, ಟ್ಯಾಂಕು ತುಂಬಿ ಹರೀತಿದೆ.”

“ಅವ್ವ, ನಿನ್ ಮೊಮ್ಮಗಳಿಗೇಳು, ನಂಗೂ ಕಣ್ಣೈತೆ.”

“ನನ್ ಬಾಯೇನು ಪೋಸ್ಟಾಪೀಸಾ?” ಎಂದು ಮುನಿಯಲ್ಲಮ್ಮ ಇಬ್ಬರಿಗೂ ಉಗಿದರು. “ಉಣ್ಣಿ, ಇಲ್ಲಾ ಎದ್ದೋಗಿ.”

ಯುಗಾದಿಗೆ ವಾರವಿರುವಾಗ ಹುಡುಗಿಯರಿಬ್ಬರೂ ಜರಡಿಯ ಪುಟದ ಮೇಲೆ ನಾಲ್ಕು ಸಾಲು ಬರೆದು ಹಾಕಿದರು. ಹಬ್ಬದ ಮೇಲೆ ನಾವು ಇದನ್ನು ನೋಡಿಕೊಳ್ಳುವುದಿಲ್ಲ. ಇರುವುದನ್ನು ಇರುವ ಹಾಗೆ ಬಳಸಿ, ಕೆಟ್ಟರೆ ನೀವೇ ಸರಿಮಾಡಿಕೊಳ್ಳಿ. ಕೈಮುಗಿಯುವ ಚಿತ್ರಗಳ ಪ್ರವಾಹ ಹರಿಯಿತು. ‘ಅಯ್ಯೋ’, ‘ತುಂಬಲಾರದ ನಷ್ಟ’. ನಾನು ನೋಡಿಕೊಳ್ಳುತ್ತೇನೆ ಎಂದವನು ಒಬ್ಬನಿಲ್ಲ. ಬಿಂದು ಹಳೇ ಕೆಲಸದವರಿಗೆ ಫೋನು ಮಾಡಿ, ಜಾಗ ಇದೆಯಾ ಎಂದು ಕೇಳಿದ್ದನ್ನು ನಾನೇ ಮೆಟ್ಟಿಲ ಮೇಲಿಂದ ಕೇಳಿಸಿಕೊಂಡೆ.

ಮೂರನೇ ದಿನ ಗಾಜಿನ ಕಟ್ಟಡದಿಂದ ಶಿವರಾಮ್ ಎಂಬ ಅಧಿಕಾರಿ ಬಂದ. ನಮ್ಮ ಬೀದಿಯಲ್ಲಿ ಒಳಚರಂಡಿಗೆ ಅಗೆದ ಗುಂಡಿ ಮುಚ್ಚಿರಲಿಲ್ಲ. ಕಾರು ಮುಖ್ಯರಸ್ತೆಯಲ್ಲೇ ನಿಂತಿತು. ಬಿಳಿ ಬೂಟಿನ ಮನುಷ್ಯ ಆನೆ ಹಗ್ಗದ ಮೇಲೆ ನಡೆದಂತೆ ಗುಂಡಿಗೆ ಹಾಸಿದ ಹಲಗೆಯ ಮೇಲೆ ನಡೆದು ಬಂದ. ಕೈಯಲ್ಲಿ ಒಂದು ಡಬ್ಬ. ಅದರಲ್ಲಿ ಎರಡು ಟೀ ಶರ್ಟು, ಒಂದು ಗಾಜಿನ ಫಲಕ. ಫಲಕದ ಮೇಲೆ ‘ಸಮುದಾಯದ ತಾರೆ’.

“ನಿಮ್ಮ ನೋಟಿಸ್ ನೋಡಿ ತುಂಬಾ ನೋವಾಯ್ತು ಮೇಡಂ” ಎಂದ, ಮಳಿಗೆಯಲ್ಲಿ ಕೂರುತ್ತ. “ಜರಡಿ ಸಾಯಬಾರದು. ಅದಕ್ಕೇ ನಾವು ಅದನ್ನ ದತ್ತು ತಗೊಳ್ತೀವಿ. ನೀವು ಆ ಹೆಸರು, ಆ ಪುಟ ನಮ್ಮ ಕಂಪನಿಗೆ ಬರೆದುಕೊಟ್ಟರೆ ಸಾಕು. ಒಂದು ಸಲಕ್ಕೆ ಗೌರವಧನ ಅಂತ ಕೊಡ್ತೀವಿ.”

“ಆಮೇಲೆ ನಾವು?” ಎಂದಳು ಅಮೀನಾ.

“ನೀವು ಯಾವಾಗ್ಲೂ ನಮ್ಮ ಕಮ್ಯುನಿಟಿ ಅಲ್ವಾ.”

ಹಬ್ಬಕ್ಕೆ ನಾಲ್ಕೇ ದಿನ. ಗೌರವಧನ ಎಂದರೆ ಹೇಗೂ ಇಲ್ಲದ್ದಕ್ಕಿಂತ ಮೇಲು. ಬಿಂದು ಅಮೀನಾಳ ಮುಖ ನೋಡಿದಳು, ಅಮೀನಾ ಫಲಕ ನೋಡಿದಳು.

ಶಟರಿನ ಹೊರಗೆ ಬೇಕರಿಯವನಿಗೆ ಅಳತೆ ತೋರಿಸುತ್ತ ನಿಂತಿದ್ದ ಭಾವ ಟೇಪನ್ನು ಅಲ್ಲೇ ಬಿಟ್ಟು ಒಳಗೆ ಬಂದ.

“ಎಸ್ರು ಕೇಳ್ತಾವ್ನಾ?” ಎಂದ.

“ಸಾರ್, ಅದು ಬರೀ ಫಾರ್ಮಾಲಿಟಿ…”

“ನಂಗೂ ಅಂಗೇ ಅಂದಿದ್ರು.” ಭಾವ ಮಗಳ ಕಡೆ ತಿರುಗಿದ. “ಇಲ್ಲಿಂದ ವಿದ್ಯಾರಣ್ಯಪುರದ ರೋಡಿಗೆ ಓಗೋವಾಗ ಒಂದು ಗೇಟು ಸಿಗ್ತದಲ್ಲ, ಆ ಲೇಔಟು. ಅದು ನಮ್ಮಪ್ಪನ ರಾಗಿ ಒಲ. ದುಡ್ಡು ಕೊಟ್ರು, ನಾನೇ ಸಹಿ ಆಕ್ದೆ. ದುಡ್ಡು ಎಲ್ಲೋಯ್ತು ನಂಗೇ ಗೊತ್ತಿಲ್ಲ. ಅದಕ್ಕೀಗ ಕಟ್ಟಿಸಿದೋನ ಅತ್ತೆ ಎಸ್ರು. ನಮ್ಮಪ್ಪನ ಎಸ್ರು ಏಳಿದ್ರೆ ಆ ವಾಚ್‌ಮನ್ ನನ್ನ ಒಳಕ್ ಬಿಡಲ್ಲ. ನೀನು ನನ್ ಜೊತೆ ಮಾತಾಡ್ಬೇಡ, ಪರ್ವಾಗಿಲ್ಲ. ಬಾಡಿಗೆಗೆ ಬೇಕಾದ್ರೆ ಕೊಡು. ಬರ್ದು ಕೊಡ್ಬೇಡ.”

ನನ್ನ ಭಾವನ ಬಾಯಿಂದ ಚುನಾವಣೆಯ ಸುದ್ದಿಯಿಲ್ಲದ ಇಷ್ಟು ದೊಡ್ಡ ಮಾತು ಹೊರಟದ್ದಕ್ಕೆ ಬೀದಿಯ ನಾಯಿಗಳೂ ಬೊಗಳುವುದನ್ನು ನಿಲ್ಲಿಸಿದವು.

ಬಿಂದು ಅಪ್ಪನನ್ನು ನೋಡಲಿಲ್ಲ. ಶಿವರಾಮನನ್ನು ನೋಡಿದಳು.

“ಹೆಸರು ಕೊಡಲ್ಲ. ಜರಡಿ ಇವತ್ತು ಎಲ್ಲರಿಗೂ ಹೇಗೆ ಪುಕ್ಕಟೆನೋ ನಾಳೆನೂ ಹಾಗೇ ಇರುತ್ತೆ. ಆದರೆ ನಿಮ್ಮ ‘ಸೋಮವಾರದೊಳಗೆ’ ಅನ್ನೋ ಕೆಲಸ ಆಗ್ಬೇಕು ಅಂದ್ರೆ ನಮ್ಮಿಬ್ಬರ ಜೊತೆ ಒಂದು ವರ್ಷದ ಕರಾರು ಮಾಡ್ಕೊಳ್ಳಿ. ತಿಂಗಳು ತಿಂಗಳು ಕೊಡಿ.”

ಶಿವರಾಮನ ಮುಖ ಹುಳಿ ಮಜ್ಜಿಗೆ ಕುಡಿದಂತಾಯಿತು. “ಮೇಡಂ, ದುಡ್ಡು ಕೇಳೋದು ಓಪನ್ ಸೋರ್ಸ್‌ನ ಆತ್ಮಕ್ಕೇ ವಿರುದ್ಧ.”

“ನಿನ್ ಬೂಟು ಪುಕ್ಸಟ್ಟೆ ಬಂದಿದ್ದೇನಪ್ಪ?” ಎಂದರು ಮುನಿಯಲ್ಲಮ್ಮ ಬಾಗಿಲಿಂದ.

ಅವನು ಡಬ್ಬ ಎತ್ತಿಕೊಂಡು, ಹಲಗೆಯ ಮೇಲೆ ತೇಲಾಡುತ್ತ ಹೋದ. ಬೇಕರಿಯವನು ಕೆಮ್ಮಿದ.

“ಅಣ್ಣ, ಅಳತೆ?”

“ಇನ್ನೊಂದ್ ವಾರ ತಡಿ” ಎಂದ ಭಾವ.

“ಅಡ್ವಾನ್ಸು ಚಿಕ್ಕಬೈರಪ್ಪನೋರ ಮಳಿಗೆಗೆ ಕೊಟ್ಬಿಡ್ತೀನಿ ಮತ್ತೆ.”

“ಕೊಟ್ಕೋ ಓಗಯ್ಯ.”

ಯುಗಾದಿಗೆ ಅಕ್ಕ ಒಬ್ಬಟ್ಟು ತಟ್ಟಿದಳು; ಬಿಂದು ತಿನ್ನಲಿಲ್ಲ. ನೋಟಿಸಿನಲ್ಲಿ ಹೇಳಿದಂತೆ ಹುಡುಗಿಯರು ಕೆಲಸ ನಿಲ್ಲಿಸಿದರು. ಮಳಿಗೆಯ ಶಟರು ಇಳಿಯಿತು. ಹಳೇ ಕೆಲಸದವರು ಮುಂದಿನ ಸೋಮವಾರ ಬನ್ನಿ ಎಂದರು. ಆ ಹೊತ್ತಿಗೆ ಗಾಜಿನ ಕಟ್ಟಡದವರ ದೊಡ್ಡ ಗಿರಾಕಿಯೊಬ್ಬ ತನ್ನ ಕಾಲು ಶತಮಾನದ ಪತ್ರಿಕೆಗಳನ್ನು ಆ್ಯಪಿಗೆ ಸುರಿದಿದ್ದ. ಜರಡಿ ಇನ್ನೂ ಕಲಿಯದ ಹಳೇ ಫಾಂಟಾದ್ದರಿಂದ ಅದರಲ್ಲಿ ಬಹುಪಾಲು ಜಿರಳೆಯ ಓಡಾಟವಾಗಿಯೇ ಉಳಿದಿತ್ತಂತೆ. ಹದಿನೆಂಟು ಜನ ಹಗಲೂ ರಾತ್ರಿ ಕೂತರೂ ಒಂದು ‘ಕ್ಷ’ ನೆಟ್ಟಗಾಗಲಿಲ್ಲವಂತೆ. ಮೋನಿಷಾ ಇದನ್ನು ಹೇಳುವಾಗ ನಗು ತಡೆಯದೆ ಫೋನೇ ಕಟ್ ಮಾಡಿದಳಂತೆ.

ಶುಕ್ರವಾರ ಮಧ್ಯಾಹ್ನ ನಾವು ಬಸ್ಸಾರಿನ ಮುಂದೆ ಕೂತಿದ್ದಾಗ ಶಿವರಾಮ್ ಮತ್ತೆ ಬಂದ. ಈ ಸಲ ಚಪ್ಪಲಿ. ಕೈಯಲ್ಲಿ ಡಬ್ಬವಿರಲಿಲ್ಲ, ಕಾಗದವಿತ್ತು.

ಭಾವ ಎದ್ದು ಬಾಗಿಲಿಗೆ ಹೋದ. “ನನ್ ಮಗಳು ಊಟ ಮಾಡ್ತಾವ್ಳೆ. ಕೂತ್ಕೊಳ್ಳಿ” ಎಂದ.

ಬಿಂದು ಅವಸರ ಮಾಡಲಿಲ್ಲ. ಎರಡನೇ ಮುದ್ದೆ ಹಾಕಿಸಿಕೊಂಡಳು. ಅಮೀನಾ ಬಂದು ಸೇರಿದ ಮೇಲೆ ಇಬ್ಬರೂ ಕಾಗದವನ್ನು ಸಾಲು ಸಾಲಾಗಿ ಓದಿದರು. ಒಂದು ವರ್ಷದ ಕರಾರು. ದುಡ್ಡು ಕಡಿಮೆಯೇ, ಗಾಜಿನವರು ಗಾಜಿಗೆ ಕೊಟ್ಟಷ್ಟು ಧಾರಾಳವಾಗಿ ಮನುಷ್ಯರಿಗೆ ಕೊಡುವುದಿಲ್ಲ. ಆದರೆ ಇಬ್ಬರ ಹೊಟ್ಟೆಗೆ, ಮಳಿಗೆಯ ಬಾಡಿಗೆಗೆ ಸಾಲುತ್ತಿತ್ತು. ಹೆಸರಿನ ಸುದ್ದಿ ಎಲ್ಲೂ ಇರಲಿಲ್ಲ. ಅಮೀನಾ ಸಹಿ ಮಾಡಿ ಪೆನ್ನು ಬಿಂದುವಿನ ಕಡೆ ನೀಡಿದಳು.

ಭಾವ ನಡುವೆ ಕೈ ಹಾಕಿ ಅದನ್ನು ಕಿತ್ತುಕೊಂಡ. “ಸಾಕ್ಷಿ ಯಾರು?”

“ಸಾರ್, ಇದಕ್ಕೆ ಸಾಕ್ಷಿ ಬೇಕಿಲ್ಲ” ಎಂದ ಶಿವರಾಮ್.

“ಸಾಕ್ಷಿ ಇಲ್ಲದ್ದು ಎಂಥಾ ಪತ್ರಾರೀ? ನಾಳೆ ಇಲ್ಲ ಅಂದ್ರೆ?” ಭಾವ ಕನ್ನಡಕ ಸರಿಮಾಡಿಕೊಂಡು, ಕಾಗದವನ್ನು ಮಂಡಿಯ ಮೇಲೆಳೆದುಕೊಂಡು, ವಿಧಾನಸೌಧದಲ್ಲಿ ಪ್ರಮಾಣವಚನ ತೆಗೆದುಕೊಳ್ಳುವವನ ಗತ್ತಿನಲ್ಲಿ ಪೆನ್ನು ಊರಿದ. ಊರಿದ್ದು ಬಿಂದುಶ್ರೀ ಸಹಿ ಮಾಡಬೇಕಾದ ಜಾಗದಲ್ಲಿ.

ಬಿಂದು ಅಜ್ಜಿಯ ಕಡೆ ತಿರುಗಿ ಬಾಯಿ ತೆರೆದಳು. ಮುನಿಯಲ್ಲಮ್ಮ ಸೆರಗು ಕೊಡವಿ ಎದ್ದು ಅಡುಗೆಮನೆಗೆ ಹೋಗಿಬಿಟ್ಟರು.

“ಅಪ್ಪ, ಅಲ್ಲಲ್ಲ” ಎಂದಳು ಬಿಂದು. “ಕೆಳಗೆ.”

ಭಾವ ಪೆನ್ನನ್ನು ಕೆಳಕ್ಕೆ ಸರಿಸಿದ.